ಪಾಲಕರ ಸಭೆಯನ್ನೇ ಓಣಿಗೆ ಒಯ್ದೆ

ಹೋದ ತಿಂಗಳ ಪಾಲಕರ ಸಭೆಗೆ 70 ಮನೆಗಳಲ್ಲಿ 54 ಮನೆಯವರು ಬಂದಿದ್ದರು. ಕೊಪ್ಪಳ ಜಿಲ್ಲೆಯ ಸಣ್ಣ ಊರಿನ ಸರ್ಕಾರಿ ಶಾಲೆಗೆ ಇದು ಎಂಥ ದೊಡ್ಡ ಮಾತು ಅಂತ ಮೇಷ್ಟ್ರುಗಳಿಗೆ ಬೇರೆ ಹೇಳಬೇಕಾಗಿಲ್ಲ. "ಆಗಂಗಿಲ್ಲ ಬಿಡ್ರಿ ಸರ" ಅಂದವರೇ ಈಗ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಏಳೆಂಟು ವರ್ಷ ಬರೀ ಸೋಲು. ಬೆಳಗ್ಗೆ 11ಕ್ಕೆ ಸಭೆ ಕರೆಯುತ್ತಿದ್ದೆ. ಕಳೆ ತೆಗೆಯೋಕೆ ಹೋದರೆ ದಿನಕ್ಕೆ ಸುಮಾರು 300 ರೂಪಾಯಿ ಕೂಲಿ. ಅದನ್ನು ಬಿಟ್ಟು ಯಾವ ತಾಯಿ ಬರುತ್ತಾಳೆ? ಒಂದು ಸಲ ಶಾಮಿಯಾನ, ಮೈಕು, ಮಂಡಕ್ಕಿ-ಮಿರ್ಚಿ ಅಂತ ಕೈಯಿಂದ 1,800 ರೂಪಾಯಿ ಹಾಕಿದೆ. ಬಂದವರು 8 ಜನ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ಸಹಿಗೂ ಠರಾವು ಪುಸ್ತಕ ಹಿಡಿದು ಮನೆ ಮನೆ ಅಲೆಯಬೇಕಾಗಿತ್ತು. ಸೋಮವಾರ ಎತ್ತು ಹೂಡುವುದಿಲ್ಲ ಅಂತ ಸೋಮವಾರ ಇಟ್ಟು ನೋಡಿದೆ. ಗಂಡಸರು ನಾಲ್ಕು ಜನ ಬಂದರು, ಹೆಂಗಸರು ಹೊಲದಲ್ಲೇ ಇದ್ದರು.

ಒಬ್ಬ ತಾಯಿ ನೇರವಾಗಿ ಕೇಳಿದಳು, "ಸರ, ಬೈಸಿಕೊಳ್ಳಾಕ ಕೂಲಿ ಬಿಟ್ಟು ಬರಬೇಕೇನ್ರಿ?" ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ನಿಜ ಅಲ್ವಾ? ನಾವು ಕರೆಯೋದೇ ದೂರು ಹೇಳೋಕೆ.

ಮರುತಿಂಗಳಿಂದ ಸಭೆಯನ್ನು ಓಣಿಗೆ ಒಯ್ದೆ. ರಾತ್ರಿ ಊಟ ಆದ ಮೇಲೆ, ಎಂಟರ ಸುಮಾರಿಗೆ, ಗುಡಿ ಕಟ್ಟೆ ಮೇಲೆ. ಖರ್ಚು ಅಂದರೆ 400 ರೂಪಾಯಿಯ ಒಂದು ಚಾರ್ಜಿಂಗ್ ಬಲ್ಬು, ಅಷ್ಟೇ. ಭಾಷಣ ಇಲ್ಲ. ಮಗು ತನ್ನ ನೋಟ್‌ಬುಕ್ಕಿನಿಂದ ತಾನೇ ಒಂದು ಪುಟ ಓದುತ್ತದೆ. ನಾನು ಆ ಮಗುವಿಗೆ ಚೆನ್ನಾಗಿ ಬರುವ ಒಂದು ವಿಷಯ ಹೇಳುತ್ತೇನೆ. ದೂರು ಇದ್ದರೆ ಮರುದಿನ, ಮನೆಯವರ ಹತ್ತಿರ ಮಾತ್ರ. ಹೋಟೆಲ್ ಮುಂದೆ ಕೂರುವ ಅಪ್ಪಂದಿರನ್ನು ಎಬ್ಬಿಸಿ ತಂದ ಉಪಾಯ ಮಾತ್ರ ಇಲ್ಲಿ ಬರೆಯೋದಿಲ್ಲ. ಊರಿಗೆ ಬನ್ನಿ, ತೋರಿಸುತ್ತೇನೆ.

ನಡುವೆ ವಾಟ್ಸಾಪ್ ಗ್ರೂಪೂ ಮಾಡಿದ್ದೆ. ಫೋನ್ ಅಪ್ಪನ ಕೈಯಲ್ಲಿ, ಅಪ್ಪ ಬೆಂಗಳೂರಲ್ಲಿ. ಸುಮ್ನೆ ಎರಡು ತಿಂಗಳು ಹೋಯಿತು. ಆದರೆ ಅದರಿಂದಲೇ ಒಂದು ವಿಷಯ ಹೊಳೆಯಿತು. ದಾಖಲಾತಿಯಲ್ಲಿ ಅಪ್ಪನ ಹೆಸರಿದ್ದರೂ ಮಗುವನ್ನು ಎಬ್ಬಿಸಿ ಶಾಲೆಗೆ ಕಳಿಸೋದು ಅಜ್ಜಿ! ಆಮೇಲೆ ಅಜ್ಜಿಯರನ್ನೇ ಹೆಸರು ಹಿಡಿದು ಕರೆಯತೊಡಗಿದೆ. ಮೊದಲು ವರ್ಷಕ್ಕೆ ಹದಿನೈದು ಮಕ್ಕಳಾದರೂ ಅಪ್ಪ-ಅಮ್ಮನ ಜೊತೆ ಗುಳೆ ಹೋಗುತ್ತಿದ್ದರು. ಕಳೆದ ವರ್ಷ ಹೋದವರು ಐದೋ ಆರೋ. ಉಳಿದವರನ್ನು ಅಜ್ಜಿಯರೇ ಹಟ ಮಾಡಿ ಇಟ್ಟುಕೊಂಡರು.

ಈ ಶನಿವಾರ ಕೆಳಗಿನ ಓಣಿ. ಅಲ್ಲಿ ಬೀದಿದೀಪ ಇಲ್ಲ. ಬಲ್ಬು ಈಗಲೇ ಚಾರ್ಜಿಗೆ ಹಾಕಿದ್ದೇನೆ.