ಮಗುವಿಗೆ ಮೊದಲ ಏರ್ ರೈಫಲ್: ಬ್ರಾಂಡ್ ಆಮೇಲೆ, ಅಳತೆ ಮೊದಲು

ಶೂಟಿಂಗ್ ಕಲಿಯಲು ಬರುವ ಮಕ್ಕಳ ಅಪ್ಪ-ಅಮ್ಮ ಮೊದಲ ವಾರವೇ ಕೇಳುವ ಪ್ರಶ್ನೆ, ‘ಯಾವ ರೈಫಲ್ ತಗೊಳ್ಳೋಣ ಸರ್?’ ಇನ್ನು ಕೆಲವರು ಕೇಳುವ ಗೋಜಿಗೂ ಹೋಗದೆ ತಂದೇಬಿಟ್ಟಿರುತ್ತಾರೆ. ಹನ್ನೆರಡು ವರ್ಷದ ಹುಡುಗಿ ದೊಡ್ಡವರ ಅಳತೆಯ ದುಬಾರಿ ರೈಫಲ್ ಹಿಡಿದು, ಕತ್ತು ಮುಂದೆ ಚಾಚಿ, ಸೊಂಟ ತಿರುಚಿ ನಿಂತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಆ ನಿಲುವು ಒಮ್ಮೆ ಮೈಗೆ ಹತ್ತಿತೆಂದರೆ ಬಿಡಿಸಲು ವರ್ಷ ಬೇಕು. ಆದ್ದರಿಂದ ಕೊಳ್ಳುವ ಮುನ್ನ ಇಷ್ಟನ್ನು ಓದಿಕೊಳ್ಳಿ.

ಯಾವ ರೈಫಲ್ ಅಲ್ಲ ಎಂಬುದನ್ನು ಮೊದಲು ತೀರ್ಮಾನಿಸಿ

ಆನ್‌ಲೈನ್‌ನಲ್ಲಿ ಹುಡುಕಿದರೆ ಮೊದಲು ಕಾಣಿಸುವುದು ಸೈನಿಕರ ಬಂದೂಕಿನಂತೆ ಕಾಣುವ, ಕಪ್ಪು ಪ್ಲಾಸ್ಟಿಕ್ ಮೈಯ, ಮೇಲೊಂದು ದುರ್ಬೀನು ಕೂರಿಸಿದ ಏರ್‌ಗನ್‌ಗಳು. ಮಕ್ಕಳ ಕಣ್ಣು ಅಲ್ಲೇ ನೆಡುತ್ತದೆ. ಅವು ಬೇಡ. ಒಲಿಂಪಿಕ್ ಮಾದರಿಯ 10 ಮೀಟರ್ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವಿಲ್ಲ; ಹಿಂದೆ ಸಣ್ಣ ರಂಧ್ರದ ಪೀಪ್ ಸೈಟ್, ಮುಂದೆ ಒಂದು ರಿಂಗ್, ಅಷ್ಟೇ. ಗುರಿಹಲಗೆಯ ನಟ್ಟನಡುವಿನ, ಹತ್ತು ಅಂಕದ ಚುಕ್ಕಿಯ ಅಗಲ ಬರೀ 0.5 ಮಿ.ಮೀ. ಅದಕ್ಕೆ ಹೊಡೆಯಲು ಬೇಕಾದದ್ದು ನಿಖರತೆ, ಶಕ್ತಿಯಲ್ಲ. ‘ನಮ್ಮದು ಅತಿ ಹೆಚ್ಚು ಪವರ್’ ಎಂದು ಮಾರುವವರ ಮಾತಿಗೆ ಕಿವಿಗೊಡಬೇಡಿ. ಸ್ಪರ್ಧೆಯ ರೈಫಲ್ ಪೆಲೆಟ್ಟನ್ನು, ಅಂದರೆ ಸೀಸದ ಪುಟ್ಟ ಗುಂಡನ್ನು, ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಷ್ಟೇ ಕಳಿಸುತ್ತದೆ. ಅದರ ಶಕ್ತಿ ಹತ್ತು ಜೌಲ್ ಕೂಡ ಮುಟ್ಟುವುದಿಲ್ಲ.

ಕಾನೂನಿನ ಲೆಕ್ಕವೂ ಇದಕ್ಕೇ ಅನುಕೂಲವಾಗಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೌಲ್ ದಾಟದ, 4.5 ಮಿ.ಮೀ ಬೋರಿನ (ನಳಿಗೆಯ ಒಳ ಅಗಲದ) ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಹಾಗೆಂದು ತೋಟದಲ್ಲಿ ಹಕ್ಕಿಗೋ ಮಂಗಕ್ಕೋ ಗುರಿಯಿಡುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ. ವನ್ಯಜೀವಿ ಕಾಯ್ದೆಯಡಿ ಅದು ಬೇಟೆ, ಅಪರಾಧ. ಅರುಣಾಚಲ ಪ್ರದೇಶದಲ್ಲಿ 2021ರಿಂದ ಹಳ್ಳಿ ಹಳ್ಳಿಯಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ನಡೆದದ್ದು ಇದೇ ಕಾರಣಕ್ಕೆ.

ಕ್ಲಬ್ಬಿನ ರೈಫಲ್‌ನಲ್ಲೇ ಕೆಲ ತಿಂಗಳು

ಕೊಳ್ಳುವ ಆತುರ ಬೇಡ. ಮಗು ನಿಂತು, ಉಸಿರು ಹಿಡಿದು, ಟ್ರಿಗರ್ ಒತ್ತುವುದನ್ನು ಕಲಿಯುವವರೆಗೆ ಕ್ಲಬ್ಬಿನ ರೈಫಲ್ ಸಾಕು.

ಯಾವ ಕಣ್ಣು?

ಇದನ್ನು ಪರೀಕ್ಷಿಸದೆ ರೈಫಲ್ ಕೊಂಡವರು ಎಷ್ಟೋ ಜನ. ಎರಡೂ ಅಂಗೈ ಮುಂದೆ ಚಾಚಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ದೂರದ ಗಡಿಯಾರವನ್ನು ನೋಡಲು ಹೇಳಿ. ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ಮುಂದಾಳು ಕಣ್ಣು, ಅಂದರೆ ಗುರಿ ನೋಡಲು ಮಿದುಳು ಹೆಚ್ಚು ನೆಚ್ಚುವ ಕಣ್ಣು. ಬಲಗೈಯವರಿಗೂ ಎಡಗಣ್ಣು ಮುಂದಾಳಾಗಿರಬಹುದು. ಅಂಥವರು ಚಿಕ್ಕ ಮಕ್ಕಳಾದರೆ ನಾನು ಎಡಗೈ ರೈಫಲ್‌ನಲ್ಲೇ ಶುರುಮಾಡಿಸುತ್ತೇನೆ. ಎರಡು ವರ್ಷ ಬಲಗೈಯಲ್ಲೇ ಅಭ್ಯಾಸವಾಗಿರುವವರಾದರೆ ಎಡಗಣ್ಣಿಗೆ ಅಡ್ಡಪಟ್ಟಿ ಹಾಕಿ ಮುಂದುವರಿಸುವುದೇ ಸರಿ.

ಯಾವ ಯಂತ್ರ?

ಸ್ಪ್ರಿಂಗ್ ರೈಫಲ್ ಅಗ್ಗ. ಆದರೆ ಟ್ರಿಗರ್ ಒತ್ತಿದ ಮೇಲೂ ಒಳಗಿನ ಪಿಸ್ಟನ್ ಓಡುತ್ತಿರುವುದರಿಂದ ಪೆಲೆಟ್ ಬ್ಯಾರಲ್ ಬಿಡುವ ಮೊದಲೇ ರೈಫಲ್ ಅಲುಗುತ್ತದೆ. ತಪ್ಪು ಮಗುವಿನದೋ ಸ್ಪ್ರಿಂಗಿನದೋ ಎಂದು ತಿಳಿಯುವುದಿಲ್ಲ. ಬದಿಯ ಲಿವರ್ ಒಂದೇ ಸಲ ಎಳೆದು ಗಾಳಿ ತುಂಬಿಸುವ ಸಿಂಗಲ್ ಸ್ಟ್ರೋಕ್ ರೈಫಲ್‌ಗಳು ಹಳೆಯವಾದರೂ ಬಹಳ ನಿಖರ. ಆದರೆ ಅರವತ್ತು ಗುಂಡಿಗೆ ಅರವತ್ತು ಸಲ ಲಿವರ್ ಎಳೆದು ಎಳೆಯ ಮಕ್ಕಳ ಭುಜ ಸೋಲುತ್ತದೆ. ಈಗ ಸ್ಪರ್ಧೆಯಲ್ಲಿ ಕಾಣುವುದೆಲ್ಲ 200 ಬಾರ್ ಒತ್ತಡದ ಸಿಲಿಂಡರಿನ ಪಿಸಿಪಿ, ಅಂದರೆ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ರೈಫಲ್. ಕೈಗೆಟುಕಿದರೆ ಇದನ್ನೇ ಕೊಳ್ಳಿ. ವಾಲ್ಥರ್, ಫೈನ್‌ವರ್ಕ್‌ಬೌ, ಆನ್‌ಶುಟ್ಸ್, ಸ್ಟೈರ್, ಪಾರ್ದಿನಿ, ಇವುಗಳಲ್ಲಿ ಯಾವುದೂ ನಿಮ್ಮ ಮಗುವಿನ ಅಂಕ ಕಡಿಮೆ ಮಾಡುವುದಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಹೊಡೆದು ಚಿನ್ನ ಗೆದ್ದಾಗ ಅವರ ಕೈಯಲ್ಲಿದ್ದದ್ದು ವಾಲ್ಥರ್ ಎಂದು ಎಲ್ಲರೂ ಅದನ್ನೇ ಕೇಳುತ್ತಾರೆ. ಅವರು ಆ ರೈಫಲ್ಲನ್ನು ತಮ್ಮ ಮೈಗೆ ಹೊಂದಿಸಿಕೊಂಡಿದ್ದರು ಎಂಬುದನ್ನು ಯಾರೂ ಕೇಳುವುದಿಲ್ಲ.

ಅಳತೆ: ಎಲ್ಲರೂ ಎಡವುವ ಜಾಗ

ಅಂಗಡಿಗೆ ಹೋಗುವಾಗ ಮಗುವಿನ ಶೂಟಿಂಗ್ ಜಾಕೆಟ್, ಪ್ಯಾಂಟ್, ಶೂ, ಗ್ಲೌಸ್ ಎಲ್ಲವನ್ನೂ ಕೊಂಡೊಯ್ಯಿರಿ. ಟೀ-ಶರ್ಟ್‌ನಲ್ಲಿ ನಿಲ್ಲಿಸಿ ನೋಡಿದ ಅಳತೆ ದಪ್ಪ ಜಾಕೆಟ್ ತೊಟ್ಟ ಮೇಲೆ ಉಳಿಯುವುದಿಲ್ಲ. ಭುಜದ ಹತ್ತಿರ ಬಟ್ಟೆ ಮಡಚಿಕೊಂಡು ಬಟ್ (ಭುಜಕ್ಕೆ ಒರಗುವ ರೈಫಲ್‌ನ ಹಿಂಭಾಗ) ಹೊರಗೆ ತಳ್ಳಿಸಿಕೊಳ್ಳುತ್ತದೆ.

ಮೊದಲು ತೂಕ. ನಿಯಮದಲ್ಲಿ 5.5 ಕಿಲೋವರೆಗೆ ಅವಕಾಶವಿದೆಯೆಂದು ಮಗುವಿನ ಕೈಗೆ ಅಷ್ಟು ತೂಕ ಕೊಡಬೇಕಿಲ್ಲ. ಗುರಿಹಲಗೆಯತ್ತ ಪಕ್ಕಕ್ಕೆ ನಿಂತು, ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಇಳಿಸಿ, ಮುಷ್ಟಿಯ ಮೇಲೆ ರೈಫಲ್ ಕೂರಿಸಲು ಹೇಳಿ. ಭಾರ ಮೂಳೆಯಿಂದ ಮೂಳೆಗೆ ಇಳಿದು ಪಾದಕ್ಕೆ ಹೋಗಬೇಕು. ಒಂದು ನಿಮಿಷ ಹಾಗೇ ನಿಲ್ಲಿಸಿ. ಎಡತೋಳಿನ ಸ್ನಾಯು ಬಿಗಿದು ನಡುಗತೊಡಗಿದರೆ ಆ ರೈಫಲ್ ಭಾರ. ಮಕ್ಕಳಿಗಾಗಿಯೇ ಹಗುರ ಮಾದರಿಗಳಿವೆ. ಬೆಳೆದಂತೆ ತೂಕದ ಬಿಲ್ಲೆ ಸೇರಿಸಿಕೊಳ್ಳಬಹುದು.

ಎರಡನೆಯದು ಬಟ್ಟಿನ ಉದ್ದ. ಬಟ್ಟಿನ ತುದಿಯ ಬಟ್ ಪ್ಲೇಟ್ ಭುಜದ ಕುಳಿಯಲ್ಲಿ ಕೂತಿರುವಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಸಹಜವಾಗಿ ಬೀಳಬೇಕು, ಬೆರಳು ನೇರವಾಗಿ ಹಿಂದಕ್ಕೆ ಒತ್ತುವಂತಿರಬೇಕು. ಬೆರಳು ಚಾಚಿ ಮುಟ್ಟಬೇಕಾದರೆ ಬಟ್ ಉದ್ದ; ಮೂಗು ಹಿಂದಿನ ಸೈಟಿಗೆ ತಾಗುವಂತಿದ್ದರೆ ಗಿಡ್ಡ. ಉದ್ದ ಕಡಿಮೆ ಮಾಡಲು ಮರದ ಬಟ್ಟನ್ನೇ ಗರಗಸದಿಂದ ಕತ್ತರಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಮುಂದಿನ ವರ್ಷ ಮಗು ಬೆಳೆದಾಗ ಏನು ಮಾಡುತ್ತೀರಿ? ಮರು ಮಾರಾಟದ ಬೆಲೆಯೂ ಅಲ್ಲಿಗೇ ಮುಗಿಯಿತು.

ಮೂರನೆಯದು ಬಟ್ ಪ್ಲೇಟಿನ ಎತ್ತರ. ರೈಫಲ್ ತಲೆಯ ಹತ್ತಿರ ಬರಬೇಕು, ತಲೆ ರೈಫಲ್ ಹತ್ತಿರ ಹೋಗಬಾರದು. ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ಮುಖ ನೆಟ್ಟಗಿದ್ದು ಕಣ್ಣು ನೇರವಾಗಿ ನೋಡುತ್ತಿದ್ದರೆ ಸರಿ. ಗದ್ದ ಇಳಿದು ಕಣ್ಣು ಹುಬ್ಬಿನ ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದರೆ ಬಟ್ ಪ್ಲೇಟನ್ನು ಇಳಿಸಿ ರೈಫಲ್ ಮೇಲಕ್ಕೆ ತನ್ನಿ.

ನಾಲ್ಕನೆಯದು ಕೆನ್ನೆಯ ಆಸರೆ, ಅಂದರೆ ಚೀಕ್ ಪೀಸ್. ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೇ ಕೊಡಿ. ಮಗು ಕಣ್ಣು ಮುಚ್ಚಿ ರೈಫಲ್ ಏರಿಸಿ, ತಲೆಯ ಪೂರ್ತಿ ಭಾರವನ್ನು ಕೆನ್ನೆಯ ಮೂಲಕ ಅದರ ಮೇಲೆ ಬಿಟ್ಟು, ನಾಲ್ಕೈದು ಉಸಿರಾಡಿ ಆಮೇಲೆ ಕಣ್ಣು ತೆರೆಯಲಿ. ಹಿಂದಿನ ರಂಧ್ರದ ನಟ್ಟನಡುವೆ ಮುಂದಿನ ರಿಂಗ್ ಕಾಣಿಸಬೇಕು. ಕಾಣಿಸದಿದ್ದರೆ ಮಗು ತಲೆ ಎತ್ತಿಯೋ ಇಳಿಸಿಯೋ ಸರಿಮಾಡಿಕೊಳ್ಳಲು ನೋಡುತ್ತದೆ, ಅಲ್ಲೇ ತಡೆಯಿರಿ. ಅಲುಗಬೇಕಾದದ್ದು ಚೀಕ್ ಪೀಸ್. ಸ್ಕ್ರೂ ಒಂದು ಸುತ್ತು ತಿರುಗಿಸಿ, ರೈಫಲ್ ಪೂರ್ತಿ ಕೆಳಗಿಡಿಸಿ, ಮತ್ತೆ ಕಣ್ಣು ಮುಚ್ಚಿಸಿ ಏರಿಸಿ. ಮೂರು ಸಲ ಸತತವಾಗಿ ನಡುವೆ ಬರುವವರೆಗೆ ಬಿಡಬೇಡಿ. ಅಂಗಡಿಯವರು ಅವಸರ ಮಾಡಿದರೆ ಅಲ್ಲಿಂದ ಎದ್ದು ಬನ್ನಿ. ಸ್ಪಂಜು ಸುತ್ತಿ ಟೇಪು ಅಂಟಿಸುವ ಅಡ್ಡದಾರಿ ಬೇಡ. ಸ್ಪಂಜು ಪ್ರತಿ ಸಲವೂ ಬೇರೆ ಬೇರೆಯಾಗಿ ಕುಗ್ಗುತ್ತದೆ, ಕಣ್ಣಿನ ಜಾಗವೂ ಬದಲಾಗುತ್ತದೆ.

ಎಲ್ಲ ಹೊಂದಿದ ಮೇಲೆ ಪ್ರತಿ ಸ್ಕ್ರೂವಿನ ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಕ್ಕಳು ಆರು ತಿಂಗಳಿಗೊಮ್ಮೆ ಬೆಳೆದಿರುತ್ತಾರೆ, ಇಡೀ ಕ್ರಮವನ್ನು ಆಗ ಮತ್ತೊಮ್ಮೆ ಮಾಡಬೇಕು. ಆದ್ದರಿಂದಲೇ ಹೊಂದಿಸುವ ಅವಕಾಶ ಹೆಚ್ಚಿರುವ ಮಾದರಿಯನ್ನೇ ಆರಿಸಿ.

ರಿಂಗ್, ಟ್ರಿಗರ್, ಪೆಲೆಟ್

ಮುಂದಿನ ರಿಂಗ್ ದೊಡ್ಡದಿರಲಿ. ಕಲಿಯುವವರಿಗೆ 4 ಮಿ.ಮೀಗಿಂತ ಚಿಕ್ಕದು ಬೇಡವೇ ಬೇಡ. ಕಪ್ಪು ವೃತ್ತದ ಸುತ್ತ ಬಿಳಿ ಧಾರಾಳವಾಗಿ ಕಾಣಬೇಕು. ರಿಂಗ್ ಬಿಗಿಯಾದಷ್ಟೂ ಮಗು ‘ಇನ್ನೂ ಸರಿಯಾಗಲಿ’ ಎಂದು ಕಾಯುತ್ತದೆ, ಕಾಯುತ್ತಾ ಉಸಿರು ಕಟ್ಟುತ್ತದೆ.

ಟ್ರಿಗರ್ ಎರಡು ಹಂತದ್ದಾಗಿರಲಿ (ಮೊದಲು ಹಗುರವಾಗಿ ಸರಿದು, ತಡೆದು ನಿಂತು, ಮತ್ತೆ ಒತ್ತಿದಾಗ ಬಿಡುವಂಥದ್ದು), ಪೆಲೆಟ್ ಇಲ್ಲದೆ ಅಭ್ಯಾಸ ಮಾಡುವ ಡ್ರೈ ಫೈರ್ ಸೌಲಭ್ಯ ಇರಲೇಬೇಕು. ಮನೆಯಲ್ಲಿ ಗೋಡೆಗೆ ಚುಕ್ಕಿ ಅಂಟಿಸಿ ಮಾಡುವ ಅಭ್ಯಾಸದಷ್ಟು ಲಾಭದ್ದು ಬೇರೊಂದಿಲ್ಲ. ಶುರುಮಾಡುವ ಮುನ್ನ ಬ್ಯಾರಲ್ ಖಾಲಿ ಇದೆಯೆಂದು ದೊಡ್ಡವರೊಬ್ಬರು ಪ್ರತಿ ಸಲ ನೋಡಬೇಕು.

ಪೆಲೆಟ್ ಚಪ್ಪಟೆ ತಲೆಯದೇ ಬೇಕು, ಅದು ಕಾಗದದಲ್ಲಿ ದುಂಡಗಿನ ತೂತು ಕತ್ತರಿಸುತ್ತದೆ. ಚೂಪು ತಲೆಯವು ಕಾಗದ ಹರಿಯುತ್ತವೆ. 4.49, 4.50, 4.51 ಎಂದು ತಲೆಯ ಅಳತೆ ಬೇರೆ ಬೇರೆ ಇರುತ್ತದೆ. ರೈಫಲ್ಲನ್ನು ಕ್ಲ್ಯಾಂಪಿಗೆ ಬಿಗಿದು ಒಂದೊಂದರಲ್ಲೂ ಹತ್ತು ಹೊಡೆದು, ಬಿಗಿಯಾದ ಗುಂಪು ಕೊಟ್ಟದ್ದನ್ನು ಆರಿಸಿಕೊಳ್ಳಿ. ಪೆಲೆಟ್ ಸೀಸದ್ದು; ಅಭ್ಯಾಸ ಮುಗಿದ ಮೇಲೆ ಕೈ ತೊಳೆಯದೆ ಮಕ್ಕಳು ತಿಂಡಿ ಡಬ್ಬಿ ಮುಟ್ಟಬಾರದು.

ಹಳೆಯದನ್ನು ಕೊಳ್ಳುವುದಾದರೆ

ಮೊದಲ ರೈಫಲ್ ಸೆಕೆಂಡ್ ಹ್ಯಾಂಡ್ ಆಗಿರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಬ್ಯಾರಲ್ ನೋಡುವ ಮೊದಲು ಸಿಲಿಂಡರ್ ನೋಡಿ. ಅದರ ಮೇಲೆ ತಯಾರಾದ ದಿನಾಂಕ ಕೆತ್ತಿರುತ್ತದೆ, ಹತ್ತು ವರ್ಷ ದಾಟಿದ ಸಿಲಿಂಡರನ್ನು ಬಳಸಬಾರದು. ರೈಫಲ್ ಸೋವಿಗೆ ಸಿಕ್ಕಿತೆಂದು ತಂದವರು ಹೊಸ ಸಿಲಿಂಡರಿನ ಬೆಲೆ ಕೇಳಿ ಬೆಚ್ಚಿಬೀಳುತ್ತಾರೆ. ಪೂರ್ತಿ ಗಾಳಿ ತುಂಬಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮೀಟರಿನ ಮುಳ್ಳು ಇಳಿದಿದ್ದರೆ ಸೀಲು ಸೋರುತ್ತಿದೆ ಎಂದರ್ಥ.

ಬಿಡಿಭಾಗ ಯಾರು ಕೊಡುತ್ತಾರೆ, ರಿಪೇರಿ ಯಾರು ಮಾಡುತ್ತಾರೆ ಎಂಬುದನ್ನು ಹಣ ಕೊಡುವ ಮುನ್ನವೇ ಕೇಳಿ. 2021ರಲ್ಲಿ ಟೋಕಿಯೊದಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೈಕೊಟ್ಟು ಅಮೂಲ್ಯ ನಿಮಿಷಗಳು ಹೋದವು. ಅಂಥ ಮಟ್ಟದಲ್ಲೇ ಹೀಗಾಗುವುದಾದರೆ ಜಿಲ್ಲಾ ಕೇಂದ್ರದ ಹುಡುಗನ ರೈಫಲ್ ಕೆಟ್ಟರೆ ಅವನ ಇಡೀ ಸೀಸನ್ನೇ ಹೋಗುತ್ತದೆ. ಬಿಲ್ ಮತ್ತು ಆಮದಿನ ಕಾಗದಗಳನ್ನು ಪಡೆದುಕೊಳ್ಳಿ.

ಗಾಳಿ ತುಂಬಿಸುವಾಗ ಶುದ್ಧವಾದ ಒಣ ಗಾಳಿಯನ್ನಷ್ಟೇ ಬಳಸಿ. ಅಗ್ಗದ ಕೈಪಂಪುಗಳು ತೇವವನ್ನೂ ಒಳಗೆ ನೂಕಿ ಸಿಲಿಂಡರಿಗೆ ತುಕ್ಕು ಹಿಡಿಸುತ್ತವೆ. ವೆಲ್ಡಿಂಗ್ ಅಂಗಡಿಯ ಆಮ್ಲಜನಕ ಹತ್ತಿರದಲ್ಲಿ ಸಿಗುತ್ತದೆಂದು ಅದನ್ನು ತುಂಬಿಸಲು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಒಳಗಿನ ಎಣ್ಣೆಯ ಅಂಶಕ್ಕೆ ಒತ್ತಡದ ಆಮ್ಲಜನಕ ತಾಗಿದರೆ ಮಗುವಿನ ಮುಖದ ಪಕ್ಕದಲ್ಲೇ ಸಿಲಿಂಡರ್ ಸಿಡಿಯಬಹುದು.