ಕೊನೆಯ ಪದವನ್ನು ಎರಡು ಸಲ ಓದಬಾರದು

ನವೆಂಬರ್ ಬಂದರೆ ಬೆಂಗಳೂರಿನ ಕವಿಗಳಿಗೆ ಬಿಡುವಿಲ್ಲ. ರಾಜ್ಯೋತ್ಸವ ತಿಂಗಳಿಡೀ ಬಡಾವಣೆಯಿಂದ ಬಡಾವಣೆಗೆ ಸಾಗುತ್ತದೆ, ಅದರ ಹಿಂದೆ ಕವಿಗೋಷ್ಠಿಯೂ ಸಾಗುತ್ತದೆ. ಬಸವನಗುಡಿಯ ಅಂಥದೊಂದು ಗೋಷ್ಠಿಯಲ್ಲಿ ನಾನು ಮೊದಲ ಬಾರಿಗೆ ನಗೆಯ ಪ್ರೇಮಪದ್ಯ ಓದಿದೆ. ಹೆಂಡತಿಯ ಮೈಕಟ್ಟನ್ನು ಕುರಿತದ್ದು. ನಾಲ್ಕು ಜನ ಗಂಡಸರು ನಕ್ಕರು. ಹೆಂಗಸರ ಸಾಲು ಸೆರಗು ಸರಿಪಡಿಸಿಕೊಂಡಿತು. ನನ್ನ ಮನೆಯವಳು ಬ್ಯಾಗಿನೊಳಗೆ ಏನನ್ನೋ ಹುಡುಕತೊಡಗಿದಳು. ಹಿಂದಿರುಗುವಾಗ ಆಟೋದಲ್ಲಿ ಮಾತಿಲ್ಲ.

ಮರುದಿನ 1942ರ ‘ಮೈಸೂರು ಮಲ್ಲಿಗೆ’ಯನ್ನು ಮತ್ತೆ ತೆಗೆದೆ. ಮಾವನ ಮನೆಗೆ ಬಂದ ರಾಯರ ಪದ್ಯದಲ್ಲಿ ನಗೆಗೆ ಈಡಾಗುವವರು ರಾಯರೇ. ಹೆಂಡತಿ ಕಾಣಿಸಲಿಲ್ಲವೆಂದು ಮುನಿಸಿಕೊಳ್ಳುತ್ತಾರೆ. ಅವಳು ಯಾಕೆ ಒಳಗಿಲ್ಲ ಎಂಬುದನ್ನು ಕವಿ ಬಿಡಿಸಿ ಹೇಳುವುದಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರು ಗಂಡನನ್ನು ಪೆದ್ದಾಗಿಸಿ ನಗೆಯನ್ನೂ ಪ್ರೀತಿಯನ್ನೂ ಉಳಿಸಿಕೊಂಡರು. ನಾನು ಹೆಂಡತಿಯನ್ನು ಗುರಿಮಾಡಿ ಎರಡನ್ನೂ ಕಳೆದುಕೊಂಡಿದ್ದೆ.

ಹೊಸದಾಗಿ ಬರೆಯಲು ಕೂತೆ. ಮೊದಲ ಕರಡಿನ ಕೊನೆಯ ಸಾಲು ‘ಮೊನ್ನೆ ತಾನೇ ಕನ್ನಡಕ ಕೊಂಡೆ ನಾನು’ ಎಂದಿತ್ತು. ಸಂಜೆ ಬ್ಯೂಗಲ್ ರಾಕ್ ಉದ್ಯಾನದಲ್ಲಿ, ಬಾವಲಿಗಳು ನೇತಾಡುವ ಮರಗಳ ಕೆಳಗೆ ಗಟ್ಟಿಯಾಗಿ ಹೇಳಿ ನೋಡಿದೆ. ನಗು ‘ಕನ್ನಡಕ’ದಲ್ಲೇ ಒಡೆಯುತ್ತದೆ, ಉಳಿದ ‘ಕೊಂಡೆ ನಾನು’ ಮದುವೆ ಮುಗಿದ ಮೇಲೆ ಬಂದ ವಾಲಗದ ಹಾಗೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ವೂ ಕೊನೆಗೇ ಬರುತ್ತದೆ. ಕೇಳುಗರನ್ನು ಸಾಲಿನ ತುದಿಯವರೆಗೆ ಕಾಯಿಸುವ ಸೌಲಭ್ಯವನ್ನು ಭಾಷೆಯೇ ಕೊಟ್ಟಿರುವಾಗ ನಾನು ಗುಟ್ಟನ್ನು ನಡುದಾರಿಯಲ್ಲಿ ಚೆಲ್ಲುತ್ತಿದ್ದೆ. ಹಳೆಯ ಆದಿಪ್ರಾಸವೂ ನೆರವಿಗೆ ಬಂತು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ‘ನ್ನ’ ಇಟ್ಟರೆ ಕಿವಿ ಮುಂದಿನ ‘ನ್ನ’ಕ್ಕೆ ಕಾಯುತ್ತದೆ. ನಾಲ್ಕು ದಿನದ ತಿದ್ದುವಿಕೆಯಲ್ಲಿ ಉಳಿದದ್ದು ಇಷ್ಟು:

ನಿನ್ನ ಬಿಟ್ಟು ಬೇರೆ ಹೆಣ್ಣ
ಇನ್ನೂ ನಾನು ನೋಡಿಲ್ಲ, ಚೆಲುವೆ;
ಕನ್ನಡಕ ಕೈಗೆ ಬಂದದ್ದೇ
ಮೊನ್ನೆ.

ಇನ್ನು ವೇದಿಕೆ. ನಮ್ಮ ಗೋಷ್ಠಿಗಳಲ್ಲಿ ಸಾಲನ್ನು ಎರಡೆರಡು ಸಲ ಓದುವ ರೂಢಿಯಿದೆ. ಗಂಭೀರ ಕವಿತೆಗೆ ಅದು ಒಪ್ಪುತ್ತದೆ, ಹಾಸ್ಯಕ್ಕೂ ಅರ್ಧ ಒಪ್ಪುತ್ತದೆ. ಮೊದಲ ಎರಡು ಸಾಲುಗಳನ್ನು ಮರಳಿ ಓದಿದೆ, ಅಪ್ಪಟ ಪ್ರೇಮಿಯ ಮುಖ ಹೊತ್ತು. ಹಿರಿಯರೊಬ್ಬರು ತಲೆದೂಗಿದರು ಕೂಡ. ಮೂರನೆಯದನ್ನು ಒಂದೇ ಸಲ, ಸ್ವಲ್ಪ ತಗ್ಗಿದ ದನಿಯಲ್ಲಿ. ‘ಮೊನ್ನೆ’ ಎಂದು ಬಾಯಿ ಮುಚ್ಚಿದೆ. ಮುಂದಿನ ಒಂದು ಕ್ಷಣ ಸಭೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಗಾಬರಿಯಾಗಿ ವಿವರಣೆ ಕೊಡಬೇಕೆನ್ನಿಸಿತು (ಆ ಚಪಲಕ್ಕೆ ಎಷ್ಟೋ ಒಳ್ಳೆಯ ಹನಿಗವನಗಳು ಬಲಿಯಾಗಿವೆ). ತುಟಿ ಕಚ್ಚಿಕೊಂಡು, ಕನ್ನಡಕವನ್ನು ತೆಗೆದು ಒರೆಸಿದೆ. ನಗು ಹೆಂಗಸರ ಸಾಲಿನಿಂದ ಎದ್ದಿತು.

ಮನೆಯವಳೂ ನಕ್ಕಿದ್ದಳು. ಆಟೋ ಹತ್ತಿದ ಮೇಲೆ ಹೇಳಿದಳು: “ಕನ್ನಡಕಕ್ಕೆ ದುಡ್ಡು ಕೊಟ್ಟವಳು ನಾನು. ಮುಂದಿನ ಸಲ ಅದನ್ನೂ ಸೇರಿಸಿ.”