ಕಲಬುರಗಿಯ ಬಿಸಿಲಿನಲ್ಲಿ ಜಾಡು ಹಿಡಿಸಿದ ಬಗೆ: ನನ್ನ ಅನುಭವ

ಏಪ್ರಿಲ್, ಮೇ ತಿಂಗಳಲ್ಲಿ ನಡೆದ ಕಳ್ಳತನಕ್ಕೆ ಕಲಬುರಗಿಯಲ್ಲಿ ಶ್ವಾನದಳವನ್ನು ಕರೆಸುವುದು ಶಾಸ್ತ್ರಕ್ಕೆ ಮಾತ್ರ ಎಂಬ ಮಾತು ಠಾಣೆಗಳಲ್ಲಿ ಬಹುಕಾಲ ಇತ್ತು. ಆ ಮಾತಿಗೆ ಆಧಾರವೂ ಇತ್ತು. ಬಿಸಿಲು 42 ಡಿಗ್ರಿ ದಾಟಿದಾಗ ಶಹಾಬಾದಿನ ಪರಸಿ ಹಾಸಿದ ಅಂಗಳದಲ್ಲಿ ಅಂಗೈ ಊರಲಾಗುವುದಿಲ್ಲ. ನಾಯಿ ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಮೂಗಿನ ಕೆಲಸ ಅಲ್ಲಿಗೇ ಕುಂದುತ್ತದೆ. ಬೆಂಗಳೂರಿನ ಆಡುಗೋಡಿಯ ಪೊಲೀಸ್ ಶ್ವಾನ ತರಬೇತಿಯಲ್ಲಿ ಅರ್ಧ ದಿನದ ಹಳೆಯ ಜಾಡನ್ನೂ ಬಿಡದ ನನ್ನ ಡಾಬರ್‌ಮನ್, ಇಲ್ಲಿಯ ಮೊದಲ ಬೇಸಿಗೆಯಲ್ಲಿ ಇನ್ನೂರು ಮೀಟರ್ ದಾಟಲು ಹೆಣಗಿತು.

ಮೊದಲು ಪಾದಗಳಿಗೆ ಬೂಟು ತರಿಸಿದೆ. ಸುಮಾರು 1,500 ರೂಪಾಯಿ ಹೋಯಿತು, ನಾಯಿ ಜಾಡು ಬಿಟ್ಟು ಬೂಟನ್ನೇ ಕಚ್ಚಿ ಕೀಳುತ್ತಿತ್ತು. ಆಮೇಲೆ ಗೂಡಿಗೆ ಕೈಯಿಂದಲೇ ಆರೇಳು ಸಾವಿರ ಹಾಕಿ ಕೂಲರ್ ತಂದೆ. ನಾಯಿ ಚೆನ್ನಾಗಿ ಉಂಡು ಮಲಗಿತು. ಆದರೆ ತಂಪಿನಿಂದ ನೇರವಾಗಿ ಬಿಸಿಲಿಗೆ ಇಳಿಸಿದಾಗ ಮೊದಲಿಗಿಂತ ಬೇಗ ಬಳಲಿತು. ಆ ದಿನಗಳ ಪ್ರಯೋಗಗಳಲ್ಲಿ ಜೀಪಿನೊಳಗೆ ಒದ್ದೆ ಗೋಣಿತಾಟು ಹಾಸುವುದೊಂದೇ ಇಂದಿಗೂ ಉಳಿದಿದೆ.

ಫಲ ಕೊಟ್ಟದ್ದು ಕಾಯುವ ಕ್ರಮ. ಈಗ ಸ್ಥಳಕ್ಕೆ ಹೋದ ಕೂಡಲೇ ನಾಯಿಯನ್ನು ಇಳಿಸುವುದಿಲ್ಲ. ಬೆರಳಚ್ಚಿನವರು ಪುಡಿ ಹಾಕುವ ಮೊದಲೇ, ಅವರಿಗೆ ಬೇಡವಾದ ಭಾಗದಲ್ಲಿ, ಕಳ್ಳ ಮುಟ್ಟಿದ್ದು ಖಚಿತವಿರುವ ವಸ್ತುವಿನ ಮೇಲೆ ಶುದ್ಧ ಹತ್ತಿಬಟ್ಟೆಯನ್ನು ಚಿಮಟದಿಂದ ಹಾಸಿ, ಅವನ ವಾಸನೆ ಹಿಡಿಯುವಂತೆ ಅರ್ಧ ಗಂಟೆ ಬಿಟ್ಟು ಗಾಜಿನ ಭರಣಿಯಲ್ಲಿ ಮುಚ್ಚಿಡುತ್ತೇನೆ. ಅವನು ಹೊರಬಿದ್ದ ದಾರಿಗೆ ಹಗ್ಗ ಕಟ್ಟಿಸಿ ಜನರ ಓಡಾಟ ತಡೆಯುತ್ತೇನೆ. ನಸುಕಿನ ನಾಲ್ಕರ ಸುಮಾರಿಗೆ, ನೆಲ ತಣಿದು ಗಾಳಿ ನಿಂತಾಗ, ಬಟ್ಟೆಯನ್ನು ಮೂಸಿಸಿ ಹೊರಡುತ್ತೇನೆ. ಆ ಬಟ್ಟೆಯನ್ನು ಬಳಸುವ ಮೊದಲು ಶುದ್ಧ ಮಾಡಲು ಯಾವುದರಲ್ಲಿ ಕುದಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ದಳದವರಿಗಷ್ಟೇ ಹೇಳಿಕೊಟ್ಟ ವಿದ್ಯೆ.

ಅಷ್ಟರೊಳಗೆ ಕಳ್ಳ ಸೊಲ್ಲಾಪುರ ದಾಟಿರುತ್ತಾನೆ ಎಂದು ತನಿಖಾಧಿಕಾರಿಗಳು ಆಕ್ಷೇಪಿಸಿದ್ದರು. ಚಿತ್ತಾಪುರ ಕಡೆಯ ಒಂದು ಮನೆಗಳ್ಳತನದಲ್ಲಿ ನಾಯಿ ಖಾಲಿ ಬಿದ್ದ ತೊಗರಿಯ ಎರೆಹೊಲ ದಾಟಿ, ಹೆಚ್ಚುಕಡಿಮೆ ಎರಡು ಕಿಲೋಮೀಟರ್ ನಡೆದು, ಪಾಳುಬಿದ್ದ ಕಲ್ಲುಗಣಿಯ ಶೆಡ್ಡಿನ ಮುಂದೆ ನಿಂತಿತು. ಒಡವೆಗಳು ಅಲ್ಲಿಯೇ ದೊರೆತವು. ನಾಯಿ ತೋರಿದ ಜಾಡನ್ನಷ್ಟೇ ನಂಬಿ ನ್ಯಾಯಾಲಯ ಯಾರನ್ನೂ ಶಿಕ್ಷಿಸುವುದಿಲ್ಲವಾದ್ದರಿಂದ, ಹೀಗೆ ಮಾಲು ಸಿಕ್ಕಾಗಲೇ ನಮ್ಮ ಶ್ರಮಕ್ಕೆ ಬೆಲೆ. ಅಂದಿನಿಂದ ಆಕ್ಷೇಪಿಸಿದವರೇ ಹಗ್ಗ ಕಟ್ಟಿಸಿ ನನಗೆ ಫೋನ್ ಮಾಡುತ್ತಾರೆ.

ಸ್ಫೋಟಕ ಪತ್ತೆಯ ಲ್ಯಾಬ್ರಡಾರ್‌ಗೂ ನಸುಕಿನ ಕೆಲಸವನ್ನು ಪ್ರಯತ್ನಿಸಿದೆ. ಶರಣಬಸವೇಶ್ವರ ಜಾತ್ರೆಯಂಥ ಬಂದೋಬಸ್ತಿನಲ್ಲಿ ಜನ ಸೇರಿದ ಮೇಲೆ ಮತ್ತೆ ತಪಾಸಣೆ ಮಾಡಲೇಬೇಕಾದ್ದರಿಂದ ಅಲ್ಲಿ ಪ್ರಯೋಜನ ಕಡಿಮೆ. ಆ ನಾಯಿಗೆ ಇಪ್ಪತ್ತು ನಿಮಿಷ ಕೆಲಸ, ಅಷ್ಟೇ ಹೊತ್ತು ನೆರಳು ಎಂಬ ಹಳೆಯ ಪಾಳಿಯನ್ನೇ ಇಟ್ಟುಕೊಂಡಿದ್ದೇನೆ.